ಕೇಬಲ್ ಗಂಗಕ್ಕನ ಮುನ್ನೂರು ಮನೆ

ಟೇಕಲ್ಲಿನಲ್ಲಿ ಗಂಗಾಲಕ್ಷ್ಮಿ ಎಂದು ಕೇಳಿದರೆ ಯಾರಿಗೂ ತಿಳಿಯುವುದಿಲ್ಲ. ಕೇಬಲ್ ಗಂಗಕ್ಕ ಅನ್ನಬೇಕು. ಪ್ರತಿ ತಿಂಗಳ ಐದನೇ ತಾರೀಕಿನಿಂದ ಇಪ್ಪತ್ತರವರೆಗೆ, ಹೆಗಲಿಗೊಂದು ರೆಕ್ಸಿನ್ ಬ್ಯಾಗು ಹಾಕಿಕೊಂಡು, ಬಿಸಿಲಿಗೆ ಸೆರಗು ತಲೆಯ ಮೇಲೆಳೆದುಕೊಂಡು, ಅವಳು ನಮ್ಮೂರ ಬೀದಿಗಳಲ್ಲೂ ಬೆಟ್ಟದ ಸುತ್ತಲಿನ ಹಳ್ಳಿಗಳಲ್ಲೂ ಕೇಬಲ್ ದುಡ್ಡು ವಸೂಲಿಗೆ ತಿರುಗುತ್ತಿದ್ದಳು. ಹತ್ತೊಂಬತ್ತು ವರ್ಷ ತಿರುಗಿದಳು. ಅವಳ ಪಾಲಿಗೆ ಮುನ್ನೂರು ಮನೆ. ನಾನು ಅರುಣ್‌ಕುಮಾರ್, ಇಲ್ಲಿನ ಹಾಲಿನ ಡೇರಿಯಲ್ಲಿ ಗುಮಾಸ್ತ. ಆ ಮುನ್ನೂರರಲ್ಲಿ ನಮ್ಮದೂ ಒಂದು ಮನೆಯಾಗಿತ್ತು.

ಈ ಕೆಲಸ ಅವಳು ಬಯಸಿ ಪಡೆದದ್ದಲ್ಲ. ಅವಳ ಗಂಡ ಗಂಗಾಧರ್ ಸೊಣ್ಣಪ್ಪನ ಹತ್ತಿರ ಲೈನ್‌ಮ್ಯಾನ್ ಆಗಿದ್ದ. ಸೊಣ್ಣಪ್ಪ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಒಂದು ಕೋಣೆ ಹಿಡಿದು, ಅದರ ಮಾಳಿಗೆಯ ಮೇಲೆ ದೊಡ್ಡ ದೊಡ್ಡ ಡಿಶ್ ನಿಲ್ಲಿಸಿ ಊರಿಗೆಲ್ಲ ಕೇಬಲ್ ಕೊಡುತ್ತಿದ್ದವನು. ಮರದಿಂದ ಮರಕ್ಕೆ, ಮನೆಯಿಂದ ಮನೆಗೆ ಕಪ್ಪು ತಂತಿ ಎಳೆಯುವುದು ಗಂಗಾಧರನ ಕೆಲಸ. ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಬೆಟ್ಟದ ಹಿಂದಿನ ಗುಟ್ಟಹಳ್ಳಿಗೆ ಮೊದಲ ಸಲ ಲೈನ್ ಎಳೆಯುತ್ತಿದ್ದರು. ಹುಣಸೆ ಮರ ಹತ್ತಿ ಅವನು ಬೀಸಿದ ಕೇಬಲ್ಲು ಕರೆಂಟಿನ ತಂತಿಗೆ ತಗುಲಿತು. ಕೆಳಗೆ ಬಿದ್ದವನನ್ನು ಹತ್ತಿರದ ಮನೆಯ ಜಗಲಿಗೆ ಎತ್ತಿಕೊಂಡು ಹೋದರು. ಮಾಲೂರಿಗೆ ಸಾಗಿಸಲು ಟೆಂಪೊ ಬರುವಷ್ಟರಲ್ಲಿ ಜೀವ ಹೋಗಿತ್ತು. ಗಂಗಕ್ಕನಿಗೆ ಆಗ ಮೂವತ್ತೆರಡು ವರ್ಷ. ಮಗಳು ಆದಿಲಕ್ಷ್ಮಿಗೆ ಆರು.

ತಿಂಗಳು ಕಳೆದ ಮೇಲೆ ಸೊಣ್ಣಪ್ಪ ಮನೆಗೆ ಬಂದು, "ಲೈನ್ ಕೆಲಸಕ್ಕೆ ಬೇರೆಯವನ್ನ ಇಟ್ಕೊಂಡಿದೀನಮ್ಮ. ವಸೂಲಿ ನೀನು ಮಾಡು. ನನ್ ಕೈಲಾಗೋದು ಇಷ್ಟೇ," ಅಂದ.

ಅಲ್ಲಿಯವರೆಗೆ ಅವಳು ರಾಗಿ ಕಳೆ ಕೀಳಲು ಬಿಟ್ಟರೆ ಹೊರಗೆ ಹೋದವಳಲ್ಲ. ಮೊದಲ ತಿಂಗಳು ಯಾರ ಮನೆಯ ಮುಂದೆ ನಿಂತರೂ ಕೂಗಲು ಬಾಯಿ ಬರುತ್ತಿರಲಿಲ್ಲವಂತೆ. ಒಳಗಿನಿಂದ ಯಾರಾದರೂ ನೋಡಿ ಹೊರಗೆ ಬರುವವರೆಗೆ ಗೇಟು ಹಿಡಿದು ನಿಂತಿರುತ್ತಿದ್ದಳು. ಗುಟ್ಟಹಳ್ಳಿಯನ್ನು ಕೊನೆಗೆ ಇಟ್ಟುಕೊಂಡಿದ್ದಳು. ಅಲ್ಲಿಯೂ ಎಲ್ಲ ಮನೆ ಮುಗಿಸಿ, ಗಂಡನನ್ನು ಮಲಗಿಸಿದ್ದ ಆ ಜಗಲಿಯ ಮನೆಯೊಂದನ್ನು ಬಿಟ್ಟು ಹಿಂತಿರುಗುತ್ತಿದ್ದಾಗ ಆ ಮನೆಯಾಕೆಯೇ ಹಿಂದಿನಿಂದ ಓಡಿಬಂದು ಕೈ ಹಿಡಿದಳು. ಅವಳೇ ಭಾರತಮ್ಮ. ರೇಷ್ಮೆ ಬೆಳೆಯುವ ಮನೆಯವಳು, ಮನೆಮಾತು ತೆಲುಗು, ಗಂಗಕ್ಕನಿಗಿಂತ ಹದಿಮೂರು ವರ್ಷಕ್ಕೆ ದೊಡ್ಡವಳು.

"ನನ್ನ ಮನೆ ಯಾಕಮ್ಮ ಬಿಟ್ ಹೋಗ್ತೀಯ?" ಎಂದು ಕೇಳಿದಳಂತೆ. "ನಿನ್ ಗಂಡ ನನ್ ಕೈಯಿಂದ ನೀರು ಕುಡಿದ. ದಾ ತಲ್ಲಿ, ಒಳಗೆ ಬಾ."

ಗಂಗಕ್ಕ ಒಳಗೆ ಹೋದಳು. ಆ ಮಧ್ಯಾಹ್ನ ಭಾರತಮ್ಮ ಅವಳಿಗೆ ಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ಉಂಡು ಅಲ್ಲೇ ಗೋಡೆಗೊರಗಿ ಅವಳು ಅತ್ತಳು. ಗಂಡ ಸತ್ತ ಮೇಲೆ ಮನಸ್ಸು ಬಿಟ್ಟು ಅತ್ತದ್ದು ಅವತ್ತೇ ಎಂದು ಎಷ್ಟೋ ವರ್ಷಗಳ ಮೇಲೆ ನನ್ನ ಹೆಂಡತಿ ಸುನಂದಳ ಹತ್ತಿರ ಹೇಳಿಕೊಂಡಿದ್ದಳು. ಅಂದಿನಿಂದ ಪ್ರತಿ ತಿಂಗಳ ವಸೂಲಿಯ ಕೊನೆಯ ಮನೆ ಭಾರತಮ್ಮನದೇ. ಮಧ್ಯಾಹ್ನ ಎರಡು ಗಂಟೆಗೆ ಮೊದಲು ಅಲ್ಲಿರಬೇಕು. ಊಟ ಮಾಡಿ, ಎರಡಕ್ಕೆ ಬರುವ ಧಾರಾವಾಹಿಯನ್ನು ಇಬ್ಬರೂ ಕೂತು ನೋಡಿ, ಬಿಸಿಲು ಇಳಿದ ಮೇಲೆ ಗಂಗಕ್ಕ ಹೊರಡುತ್ತಿದ್ದಳು. ನಡುವಿನ ಇಪ್ಪತ್ತೊಂಬತ್ತು ದಿನದ ಕಥೆಯನ್ನು ಭಾರತಮ್ಮ ಹೇಳಬೇಕು, ಇವಳು ಕೇಳಬೇಕು. ಧಾರಾವಾಹಿ ಬದಲಾಗುತ್ತಿತ್ತು, ಇಬ್ಬರೂ ಬದಲಾಗಲಿಲ್ಲ.

ವರ್ಷ ಕಳೆದಂತೆ ಗೇಟು ಹಿಡಿದು ನಿಲ್ಲುತ್ತಿದ್ದ ಹೆಂಗಸು ಊರಿಗೆಲ್ಲ ಬೇಕಾದವಳಾದಳು. ಬೀದಿ ತಿರುವಿನಿಂದಲೇ "ಕೇಬಲ್!" ಎಂದು ಅವಳ ದನಿ ಕೇಳುತ್ತಿತ್ತು. ಮಾಲೂರಿಗೆ ಹೋದರೆ ನಾಲ್ಕು ಮನೆಯ ಮಾತ್ರೆ ಚೀಟಿ ಅವಳ ಬ್ಯಾಗಿನಲ್ಲಿರುತ್ತಿತ್ತು. ಯಾರ ಮನೆಯಲ್ಲಿ ಹೆಣ್ಣಿದೆ, ಯಾವ ಊರಿನಲ್ಲಿ ಗಂಡಿದೆ ಎಂಬುದು ಅವಳಿಗೆ ಗೊತ್ತು. ಕೋಲಾರದ ಕಡೆಯ ಕ್ಯಾಲನೂರಿನಿಂದ ನಮ್ಮ ಚಿಕ್ಕಪ್ಪನ ಮಗನಿಗೆ ಹೆಣ್ಣು ಗೊತ್ತುಮಾಡಿದ್ದು ಅವಳೇ. ಸೊಣ್ಣಪ್ಪ ತನ್ನದೇ ಒಂದು ಲೋಕಲ್ ಚಾನೆಲ್ ಇಟ್ಟಿದ್ದ. ಹಳೆಯ ಸಿನಿಮಾ ಹಾಕುತ್ತಿದ್ದ, ಅದರ ಕೆಳಗೆ ಅಕ್ಷರಗಳು ಓಡುತ್ತಿದ್ದವು: ಇಂಥವರು ನಿಧನರಾದರು, ಇಷ್ಟು ಗಂಟೆಗೆ ಮಣ್ಣು, ಇಂಥವರ ಹಸು ತಪ್ಪಿಸಿಕೊಂಡಿದೆ, ನಾಳೆ ಕರೆಂಟ್ ಇರುವುದಿಲ್ಲ. ಆ ಸುದ್ದಿಯನ್ನೆಲ್ಲ ತಂದುಕೊಡುತ್ತಿದ್ದವಳು ಗಂಗಕ್ಕ. ಸುತ್ತಿನಲ್ಲಿ ಯಾರು ಸತ್ತರೂ ಮೊದಲು ಅವಳಿಗೆ ಹೇಳಿ ಕಳಿಸುತ್ತಿದ್ದರು. ಈ ನಡುವೆಯೇ ಮಗಳನ್ನು ಓದಿಸಿ ಶ್ರೀನಿವಾಸಪುರಕ್ಕೆ ಮದುವೆ ಮಾಡಿ ಕೊಟ್ಟಳು. ಮಗಳು ಜೊತೆಗೆ ಬಂದಿರು ಎಂದು ಕರೆದಳು. ಮನೆಗಳನ್ನು ಬಿಟ್ಟು ಬರೋದು ಹೇಗೆ ಎಂದು ಇವಳು ಹೋಗಲಿಲ್ಲ.

ಕೊರೊನಾ ಬಂದು ಹೋಯಿತು. ಮಕ್ಕಳ ಪಾಠಕ್ಕೆಂದು ಎಲ್ಲರ ಮನೆಗೂ ದೊಡ್ಡ ಫೋನು ಬಂದವು. ಅದರ ಹಿಂದೆಯೇ, ಗಂಗಾಧರನಂಥವರು ತಂತಿ ಎಳೆದಿದ್ದ ಬೀದಿಗಳಲ್ಲೇ ಬೇರೆ ಕಂಪನಿಯ ಹುಡುಗರು ಬಂದು ತೆಳ್ಳಗಿನ ಫೈಬರ್ ತಂತಿ ಎಳೆದರು. ಒಂದು ನೆಟ್ ಹಾಕಿಸಿಕೊಂಡರೆ ಅದರಲ್ಲೇ ಸಿನಿಮಾ, ಅದರಲ್ಲೇ ಧಾರಾವಾಹಿ, ಅದರಲ್ಲೇ ಕ್ರಿಕೆಟ್ಟು ಎಂದು ಹೇಳಿಕೊಂಡು ಹೋದರು. ನಮ್ಮ ಬೀದಿಯಲ್ಲಿ ಮೊದಲು ಹಾಕಿಸಿದವರಲ್ಲಿ ನಾವೂ ಒಬ್ಬರು.

ಲೆಕ್ಕ ಸುನಂದಳದು. "ಮಗಳ ಓದಿಗೆ ನೆಟ್ ಹೆಂಗೂ ಬೇಕು. ಅದಕ್ಕೂ ಕೊಟ್ಟು ಕೇಬಲ್‌ಗೂ ಯಾಕ್ ಕೊಡ್ಬೇಕು? ಎರಡರಲ್ಲೂ ಬರೋದು ಅದೇ ಅಲ್ವಾ?" ಅಂದಳು. ನನಗೂ ಸರಿಯೆನಿಸಿತು. ಡೇರಿಯ ಸಂಬಳದಲ್ಲಿ ತಿಂಗಳಿಗೆ ಮುನ್ನೂರು ಉಳಿದರೆ ಬೇಡ ಅನ್ನುವ ಹಾಗಿಲ್ಲ.

ಗಂಗಕ್ಕ ಬಂದ ದಿನ ನಾನು ಮನೆಯಲ್ಲೇ ಇದ್ದೆ.

"ಗಂಗಕ್ಕ, ಮುಂದಿನ ತಿಂಗಳಿಂದ ಕೇಬಲ್ ಬೇಡ ಕಣಕ್ಕ," ಅಂದಳು ಸುನಂದ. "ನೆಟ್ ಹಾಕಿಸ್ಬಿಟ್ವಿ. ಎಲ್ಲಾ ಅದ್ರಲ್ಲೇ ಬರುತ್ತೆ. ಸ್ವಲ್ಪ ಖರ್ಚೂ ಉಳಿಯುತ್ತೆ."

"ಹಾಕಿಸಿದ್ದು ಒಳ್ಳೇದಾಯ್ತಮ್ಮ, ಮಗೂಗೆ ಬೇಕಲ್ಲ," ಅಂದಳು ಗಂಗಕ್ಕ. ಮುಖದಲ್ಲಿ ಬೇಸರವೇನೂ ಕಾಣಲಿಲ್ಲ. "ಬಾಕ್ಸು, ರಿಮೋಟು ಎರಡೂ ಕೊಟ್ಬಿಡು, ಸೊಣ್ಣಪ್ಪ ಕೇಳ್ತಾನೆ."

ಟೀ ಕುಡಿದಳು. ಮಗಳ ಕೆಮ್ಮು ಹೋಯಿತಾ ಎಂದು ವಿಚಾರಿಸಿದಳು. ಸೆಟ್‌ಟಾಪ್ ಬಾಕ್ಸನ್ನು ಒಂದು ಟವೆಲಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡು, "ಬರ್ತೀನಿ ಅರುಣ," ಎಂದು ಎದ್ದಳು. ಮರುತಿಂಗಳು ಅವಳು ಬರಲಿಲ್ಲ. ಬರಲು ಕೆಲಸವಿರಲಿಲ್ಲ. ಅವಳು ಬಾರದ್ದು ನಮಗೆ ಹೊಳೆಯಲೂ ಇಲ್ಲ ಎಂಬುದನ್ನು ಇಲ್ಲಿ ಬರೆಯಲೇಬೇಕು.

ಹೀಗೇ ಒಂದೊಂದೇ ಮನೆ ಕಳಚಿತು. ಮೊದಲು ಸಂಬಳದವರ ಮನೆಗಳು, ಆಮೇಲೆ ಅಂಗಡಿಯವರವು, ಆಮೇಲೆ ಹಳ್ಳಿಗಳು. ಮುನ್ನೂರು ಇದ್ದದ್ದು ಎರಡು ವರ್ಷಕ್ಕೆ ತೊಂಬತ್ತಾಯಿತು. ಸೊಣ್ಣಪ್ಪ ಲೋಕಲ್ ಚಾನೆಲ್ ನಿಲ್ಲಿಸಿದ. ಊರೂರಿಗೂ ವಾಟ್ಸಾಪ್ ಗುಂಪುಗಳಾದವು. ಸಾವಿನ ಸುದ್ದಿ, ಹಸುವಿನ ಸುದ್ದಿ ಎಲ್ಲ ಅದರಲ್ಲೇ. ಗಂಗಕ್ಕನ ಬಳಿ ಇದ್ದದ್ದು ಬಟನ್ ಫೋನು. ಆ ಗುಂಪುಗಳಲ್ಲಿ ಅವಳಿರಲಿಲ್ಲ.

ಭಾರತಮ್ಮನ ಮನೆಯಲ್ಲಿ ಕೇಬಲ್ ತೆಗೆದದ್ದು ಅವಳ ಮಗ ವೆಂಕಟ್. ಮಾಲೂರಿನ ಒಂದು ಫ್ಯಾಕ್ಟರಿಯಲ್ಲಿ ಕೆಲಸ, ದಿನಾ ಬೈಕಿನಲ್ಲಿ ಹೋಗಿ ಬರುತ್ತಾನೆ. ಕಂತಿನಲ್ಲಿ ಸ್ಮಾರ್ಟ್ ಟಿವಿ ತಂದು ನೆಟ್ ಹಾಕಿಸಿದ. ಗಂಗಕ್ಕ ಹೋದಾಗ ಭಾರತಮ್ಮ ಜಗಲಿಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದಳಂತೆ.

"ನನ್ನೊಂದ್ ಮಾತು ಕೇಳಿದ್ರೇನೇ ಗಂಗಾ ಇವರು? ಹುಳಕ್ಕೆ ಸೊಪ್ಪು ಹಾಕಿ ಬರೋ ಹೊತ್ಗೆ ಡಬ್ಬ ಬಿಚ್ಚಿ ಇಟ್ಟವ್ರೆ."

ವೆಂಕಟ್ ನಕ್ಕ. "ಅಮ್ಮ, ನಿನ್ ಧಾರಾವಾಹಿ ಇದ್ರಲ್ಲೂ ಬರುತ್ತೆ. ಯಾವಾಗ ಬೇಕಾದ್ರೂ ನೋಡ್ಬೋದು. ಓದೋಕ್ ಬರಲ್ಲ ಅಂದ್ರೂ ಪರ್ವಾಗಿಲ್ಲ, ಇದರ ಮುಂದೆ ಬಾಯಲ್ಲಿ ಹೇಳಿದ್ರೆ ಸಾಕು." ರಿಮೋಟನ್ನು ತಾಯಿಯ ಕೈಗೆ ಕೊಟ್ಟ.

ಭಾರತಮ್ಮ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಧಾರಾವಾಹಿಯ ಹೆಸರು ಹೇಳಿದಳು. ಟಿವಿಯಲ್ಲಿ ಯಾರೋ ಬದನೆಕಾಯಿ ಹೆಚ್ಚತೊಡಗಿದರು. ಎಲ್ಲರೂ ನಕ್ಕರು, ಭಾರತಮ್ಮನೂ ನಕ್ಕಳು. ಗಂಗಕ್ಕ ಹೊರಡುವಾಗ ಮಾತ್ರ ಬಾಗಿಲಿನವರೆಗೆ ಬಂದು ಮೆಲ್ಲಗೆ ಹೇಳಿದಳು: "ಎರಡು ಗಂಟೆಗೆ ಬರ್ತಿತ್ತು, ನೀನೂ ಬರ್ತಿದ್ದೆ. ಈಗ ಯಾವಾಗ ಬೇಕಾದ್ರೂ ಅಂದ್ರೆ ಯಾವಾಗ್ಲೇ?"

"ನಾನು ಬರ್ತೀನಿ ಬಿಡಕ್ಕ. ಕೇಬಲ್ ಇದ್ರೇ ಬರ್ಬೇಕಾ?" ಅಂದಳು ಗಂಗಕ್ಕ.

ಹೋದಳು ಕೂಡ. ಮೂರು ತಿಂಗಳು ಹೋದಳು. ಆದರೆ ಗುಟ್ಟಹಳ್ಳಿಯಲ್ಲಿ ಕೇಬಲ್ ಮನೆ ಒಂದೂ ಉಳಿದಿರಲಿಲ್ಲ. ಬೆಟ್ಟ ಬಳಸಿ ಅಷ್ಟು ದೂರ ನಡೆದು ಹೋಗುವುದು ಈಗ ಒಂದೇ ಮನೆಗೆ. ಭಾರತಮ್ಮ ಮಂಡಿ ನೋವು ಹೆಚ್ಚಾಗಿ ಒಳಕೋಣೆಯಲ್ಲೇ ಮಲಗಿರುತ್ತಿದ್ದಳು. ಟಿವಿಯ ಮುಂದೆ ಮೊಮ್ಮಗು ಇರುತ್ತಿತ್ತು. ಮೂರನೆಯ ಸಲ ಹೋದಾಗ ಸೊಸೆ ಚಂದನ ಬಾಗಿಲಿಗೆ ಬಂದು, "ಏನ್ ವಿಷಯ ಅಕ್ಕ? ಹಳೇದೇನಾದ್ರೂ ಬಾಕಿ ಇತ್ತಾ?" ಎಂದು ಕೇಳಿದಳು. ಹುಡುಗಿಯ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಹತ್ತೊಂಬತ್ತು ವರ್ಷ ಆ ಹೆಂಗಸು ಬಂದದ್ದು ಬಾಕಿಗೇ ಎಂದು ಅವಳು ತಿಳಿದಿದ್ದಳು, ಅಷ್ಟೇ. ಇಲ್ಲಮ್ಮ, ಸುಮ್ನೆ ಬಂದೆ ಎಂದಳು ಗಂಗಕ್ಕ. ಭಾರತಮ್ಮ ಮಲಗಿದ್ದಾರೆ, ಈಗ ತಾನೇ ಕಣ್ಣು ಮುಚ್ಚಿದರು ಎಂದಳು ಚಂದನ. ಎಬ್ಬಿಸಬೇಡ ಎಂದು ಹೇಳಿ, ನೀರು ಕುಡಿದು ಗಂಗಕ್ಕ ಹಿಂತಿರುಗಿದಳು. ಅದಾದ ಮೇಲೆ ಹೋಗಲು ಅವಳಿಗೆ ಏನೋ ಸಂಕೋಚ. ಈ ವಾರ, ಬರುವ ವಾರ ಎನ್ನುತ್ತ ಎರಡು ತಿಂಗಳು ಕಳೆದಳು.

ಇನ್ನು ಹೇಳಬೇಕಾದದ್ದರಲ್ಲಿ ನನ್ನ ಪಾಲೂ ಇದೆ.

ಗುಟ್ಟಹಳ್ಳಿಯ ಹಾಲು ನಮ್ಮ ಡೇರಿಗೇ ಬರುವುದು. ಹಾಗಾಗಿ ಆ ಊರಿನ ವಾಟ್ಸಾಪ್ ಗುಂಪಿನಲ್ಲಿ ನಾನಿದ್ದೇನೆ. ಒಂದು ಬೆಳಿಗ್ಗೆ ಹಾಲು ಅಳೆಸಿಕೊಳ್ಳುವ ಗಡಿಬಿಡಿಯಲ್ಲಿ ಫೋನು ನೋಡಿದರೆ ಭಾರತಮ್ಮನ ಫೋಟೊ, ಅದರ ಸುತ್ತ ಹೂವಿನ ಚಿತ್ರ. ರಾತ್ರಿ ಎದೆ ನೋವೆಂದಳಂತೆ, ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಹೋದಳಂತೆ. ಮಧ್ಯಾಹ್ನ ಮೂರಕ್ಕೆ ಮಣ್ಣು. ನಾನು "ಓಂ ಶಾಂತಿ" ಎಂದು ಬರೆದು, ಕೈ ಮುಗಿದ ಚಿತ್ರ ಒತ್ತಿ, ಫೋನನ್ನು ಜೇಬಿಗೆ ಹಾಕಿಕೊಂಡೆ. ಗಂಗಕ್ಕನ ಮನೆ ಡೇರಿಯಿಂದ ಎರಡು ಬೀದಿ ಆಚೆ. ಅವಳಿಗೆ ಹೇಳಬೇಕೆಂದು ನನಗೆ ತೋಚಲಿಲ್ಲ. ಎಲ್ಲರಿಗೂ ಗೊತ್ತಾಗಿರುತ್ತದೆ ಎಂದುಕೊಂಡೆನೋ, ಏನೂ ಅಂದುಕೊಳ್ಳಲೇ ಇಲ್ಲವೋ, ಈಗ ನೆನಪಾಗುವುದಿಲ್ಲ.

ಹದಿಮೂರು ದಿನ ಕಳೆದಿತ್ತು. ಬೆಳಿಗ್ಗೆ ಎಂಟರ ಹೊತ್ತಿಗೆ ಗಂಗಕ್ಕ ಡೇರಿಗೆ ಬಂದಳು. ಕೈಯಲ್ಲಿ ಸಣ್ಣದೊಂದು ಪೊಟ್ಟಣ.

"ಅರುಣ, ನಿಮ್ ಹಾಲಿನ ಆಟೊ ಗುಟ್ಟಹಳ್ಳಿಗೆ ವಾಪಸ್ ಹೋಗುತ್ತಲ್ಲ, ಇದೊಂದು ಭಾರತಮ್ಮಂಗೆ ಕಳಿಸ್ತೀಯಾ? ಮಂಡಿಗೆ ಹಚ್ಚೋ ಎಣ್ಣೆ. ಮುಳಬಾಗಿಲಲ್ಲಿ ಒಬ್ರು ನಾಟಿ ವೈದ್ಯರು ಕೊಡ್ತಾರೆ ಅಂದ್ರು, ಹೋಗಿ ತಂದೆ. ದಿನಾ ಮಲಗೋ ಮುಂಚೆ ಬಿಸಿ ಮಾಡಿ ಹಚ್ಕೊಬೇಕು ಅಂತ ಹೇಳ್ಸು. ಭಾನುವಾರ ನಾನೇ ಹೋಗ್ತೀನಿ, ಅಲ್ಲೀವರೆಗೆ ಯಾಕೆ ನೋವು ತಿನ್ಬೇಕು ಅಂತ."

ಕ್ಯಾನುಗಳನ್ನು ತೊಳೆಯುತ್ತಿದ್ದ ಮುನಿಶಾಮಿ ತಲೆಯೆತ್ತಿ ನನ್ನನ್ನು ನೋಡಿದ.

"ಗಂಗಕ್ಕ, ಕೂತ್ಕೊ," ಅಂದೆ.

"ಯಾಕೋ?"

"ನಿಂಗೆ ಗೊತ್ತಾಗ್ಲಿಲ್ವಾ ಅಕ್ಕ? ಭಾರತಮ್ಮ ಹೋಗ್ಬಿಟ್ರು."

"ಎಲ್ಲಿಗೆ?" ಅಂದಳು. ಆಮೇಲೆ ನನ್ನ ಮುಖ ನೋಡಿ ಹಿಂದಕ್ಕೆ ಕೈ ಚಾಚಿ ಬೆಂಚು ಹುಡುಕಿ ಕೂತಳು.

"ಯಾವತ್ತು?"

"ಹದಿಮೂರು ದಿನ ಆಯ್ತು."

"ಹಂಗಾದ್ರೆ ತಿಥಿ?"

"ಮೊನ್ನೆ ಮುಗೀತು."

"ನಿಂಗೆ ಯಾವಾಗ ಗೊತ್ತಾಯ್ತು?"

ಸುಳ್ಳು ಹೇಳಬಹುದಿತ್ತು. "ಅವತ್ತೇ ಬೆಳಿಗ್ಗೆ. ಫೋನಲ್ಲಿ ಬಂತು," ಅಂದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಾನು ಇಲ್ಲೇ ಇದ್ನಲ್ಲೋ," ಎಂದಳು. ಮತ್ತೊಮ್ಮೆ, ಇನ್ನೂ ಸಣ್ಣ ದನಿಯಲ್ಲಿ, "ಇಲ್ಲೇ ಇದ್ನಲ್ಲೋ ಅರುಣ," ಎಂದಳು. ಅವಳ ಕಾಲಿನ ಹತ್ತಿರ ಚೆಲ್ಲಿದ ಹಾಲಿನ ಮೇಲೆ ನೊಣ ಕೂರುತ್ತಿದ್ದವು. ಮುನಿಶಾಮಿ ಒಂದು ಲೋಟ ನೀರು ತಂದುಕೊಟ್ಟ. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದಳು.

ಡೇರಿಯನ್ನು ಮುನಿಶಾಮಿಗೆ ಒಪ್ಪಿಸಿ ಅವಳನ್ನು ಬೈಕಿನಲ್ಲಿ ಕರೆದುಕೊಂಡು ಹೋದೆ. ಮನೆಯಲ್ಲಿ ಚಂದನ, ಮಗು ಇಬ್ಬರೇ ಇದ್ದರು. ವೆಂಕಟ್ ಕೆಲಸಕ್ಕೆ ಹೋಗಿದ್ದ. ಒಳಗೆ ಟಿವಿಯಲ್ಲಿ ಕಾರ್ಟೂನು ಜೋರಾಗಿ ಓಡುತ್ತಿತ್ತು, ಮಗು ಅದರ ಮುಂದೆ ಅನ್ನ ತಿನ್ನುತ್ತಿತ್ತು. ಗೋಡೆಗೆ ಹೊಸ ಫೋಟೊ, ಅದರ ಮೇಲೆ ಹಾರ. ಗಂಗಕ್ಕನನ್ನು ಕಂಡೊಡನೆ ಚಂದನಳಿಗೆ ಅಳು ಬಂತು. ಟಿವಿ ಆರಿಸಿ ಬಂದು ಅವಳ ಪಕ್ಕದಲ್ಲಿ ಕೂತಳು.

"ಅತ್ತೆ ಎರಡು ಸಲ ಕೇಳಿದ್ರು ಅಕ್ಕ. ಹೋಗೋಕೆ ಒಂದು ವಾರ ಮುಂಚೆ ಕೂಡ. ಗಂಗ ಬಂದ್ಲಾ, ಗಂಗಂಗೆ ಒಂದು ಫೋನ್ ಮಾಡೇ ಅಂತ. ನಿಮ್ ನಂಬರ್ರು ತಿಂಗಳ ದುಡ್ಡು ಬರೆಯೋ ಕೇಬಲ್ ಕಾರ್ಡಿನ ಮೇಲಿತ್ತು. ಬಾಕ್ಸ್ ವಾಪಸ್ ಕೊಡೋವಾಗ ಕಾರ್ಡೂ ಅದರ ಜೊತೇಲೆ ಹೋಯ್ತು. ಇವರ ಫೋನಲ್ಲಿ ಇರ್ಲಿಲ್ಲ, ನನ್ ಫೋನಲ್ಲೂ ಇರ್ಲಿಲ್ಲ. ಯಾರ್ನಾದ್ರೂ ಕೇಳಿ ತಗೊಂಡ್ರಾಯ್ತು ಅಂತಿದ್ದೆ. ಆಮೇಲೆ ಹುಳ ಹಣ್ಣಾದ್ವು, ಗೂಡು ಕಟ್ಟೋಕೆ ಚಂದ್ರಿಕೆಗೆ ಬಿಡೋ ಕೆಲಸ, ಮರೆತೇ ಹೋಯ್ತು. ತಪ್ಪಾಯ್ತಕ್ಕ."

"ನಿಂದೇನಮ್ಮ ತಪ್ಪು," ಅಂದಳು ಗಂಗಕ್ಕ. "ಎಲ್ಲಿಟ್ರಿ?"

ಮನೆಯ ಹಿಂದಿನ ಹಿಪ್ಪುನೇರಳೆ ತೋಟದ ಅಂಚಿನಲ್ಲಿ ಮಣ್ಣು ಮಾಡಿದ್ದರು. ಮಣ್ಣಿನ್ನೂ ಕೆಂಪಾಗಿಯೇ ಇತ್ತು, ತಿಥಿಯ ದಿನದ ಹೂವು ಒಣಗಿ ಬಿದ್ದಿತ್ತು. ಗಂಗಕ್ಕ ಅಲ್ಲಿ ಕೂತು ಗಿಡದ ಸಾಲುಗಳ ಕಡೆಗೆ ಬೆನ್ನು ಮಾಡಿ ಏನೋ ಮಾತಾಡಿದಳು. ನಾನು ದೂರ ನಿಂತಿದ್ದೆ, ಕೇಳಿಸಲಿಲ್ಲ. ಬಹಳ ಹೊತ್ತಾಯಿತು. ಚಂದನ ಊಟ ಮಾಡಿಕೊಂಡು ಹೋಗಿ ಎಂದು ಎಷ್ಟು ಕೇಳಿದರೂ ಅವಳು ಒಪ್ಪಲಿಲ್ಲ. "ಇನ್ನೊಂದ್ಸಲ ಮಾಡ್ತೀನಮ್ಮ," ಎಂದು ಅವಳ ತಲೆ ಸವರಿ ಬೈಕು ಹತ್ತಿದಳು. ಊರ ಹತ್ತಿರ ಬರುವಾಗ ನನ್ನ ಅಂಗಿಯ ಬೆನ್ನು ಒದ್ದೆಯಾಗಿದ್ದು ಗೊತ್ತಾಯಿತು. ಅವಳು ಸದ್ದಿಲ್ಲದೆ ಅಳುತ್ತಿದ್ದಳು.

ಮರುದಿನವೇ ಅವಳು ಸೊಣ್ಣಪ್ಪನ ಆಫೀಸಿಗೆ ಹೋಗಿ ಬ್ಯಾಗು, ರಸೀದಿ ಪುಸ್ತಕ ಎರಡನ್ನೂ ಮೇಜಿನ ಮೇಲಿಟ್ಟು ಇನ್ನು ಬರುವುದಿಲ್ಲ ಎಂದಳಂತೆ. "ನಾನೇ ಮುಚ್ಚೋನಿದ್ದೆ ಗಂಗಮ್ಮ, ನಿಂಗೆ ಹೆಂಗ್ ಹೇಳೋದು ಅಂತ ನೋಡ್ತಿದ್ದೆ," ಅಂದನಂತೆ ಸೊಣ್ಣಪ್ಪ. ಅವನಿಗೂ ವಯಸ್ಸಾಗಿದೆ, ಸಾಲು ಸಾಲು ಡಿಶ್ಶುಗಳನ್ನು ಗುಜರಿಗೆ ಹಾಕಿದ ದಿನ ಅವನೂ ತನ್ನ ಕೋಣೆಯ ಮುಂದೆ ತಲೆ ತಗ್ಗಿಸಿ ನಿಂತಿದ್ದನ್ನು ನಾನೇ ನೋಡಿದೆ. ಆ ಕೋಣೆಯಲ್ಲಿ ಈಗ ಬೇಕರಿ ಇದೆ.

ಶ್ರೀನಿವಾಸಪುರದಿಂದ ಮಗಳು ಬಂದು ಕರೆದಳು. ಒಂದು ತಿಂಗಳು ಅಲ್ಲಿದ್ದು ಗಂಗಕ್ಕ ವಾಪಸ್ಸಾದಳು. ಈಗ ಮಾಸ್ತಿ ರಸ್ತೆಯ ಒಂದು ನರ್ಸರಿಯಲ್ಲಿ ಕೆಲಸ; ಟೊಮ್ಯಾಟೊ, ಕೋಸು ಸಸಿ ಬೆಳೆಸುವ ಟ್ರೇಗಳಿಗೆ ಗೊಬ್ಬರ ತುಂಬಿ ಒಂದೊಂದೇ ಬೀಜ ಇಡುವುದು. ಹಸಿರು ಬಲೆಯ ಕೆಳಗೆ ಸಾಲಾಗಿ ಕೂತ ಹೆಂಗಸರ ನಡುವೆ ಬೆಳಿಗ್ಗೆಯಿಂದ ಸಂಜೆವರೆಗೆ. ಬಿಸಿಲಿಲ್ಲ, ನಡೆಯುವುದಿಲ್ಲ. ಕೆಲಸ ಸುಲಭ ಎಂದೇ ಅವಳು ಹೇಳುತ್ತಾಳೆ.

ಹೋದ ಯುಗಾದಿಯ ಹಿಂದಿನ ದಿನ ಬಸ್ ಸ್ಟ್ಯಾಂಡಿನಲ್ಲಿ ಸುನಂದಳಿಗೂ ನನಗೂ ಸಿಕ್ಕಳು. ಸ್ವಲ್ಪ ಬಗ್ಗಿದ್ದಾಳೆ. ಉಗುರಿನ ಸಂದಿಯಲ್ಲಿ ಕಪ್ಪು ಮಣ್ಣು.

"ಮಗಳು ಎಷ್ಟನೇ ಕ್ಲಾಸು ಈಗ?" ಎಂದು ಕೇಳಿದಳು.

"ಎಂಟು ಅಕ್ಕ. ನಾಳೆ ಹಬ್ಬಕ್ಕೆ ಮನೆಗೆ ಬಾ ಅಕ್ಕ," ಅಂದಳು ಸುನಂದ, ಅವಳ ಕೈ ಹಿಡಿದು. "ಎಷ್ಟು ದಿನ ಆಯ್ತು ನೀನು ಬಂದು. ಒಬ್ಬಟ್ಟು ಮಾಡ್ತೀನಿ."

"ಬರ್ತೀನಿ ಕಣೆ. ಬರ್ದೆ ಏನು," ಅಂದಳು ಗಂಗಕ್ಕ. ಮಾಲೂರಿನ ಬಸ್ಸು ಬಂತು, ಹತ್ತಿದಳು.

ಹಬ್ಬದ ದಿನ ಸಂಜೆವರೆಗೆ ಸುನಂದ ಒಬ್ಬಟ್ಟು ಎತ್ತಿಟ್ಟು ಕಾದಳು. ಅವಳು ಬರಲಿಲ್ಲ. ನಾನಾದರೂ ಡೇರಿಯಿಂದಾಚೆ ಎರಡು ಬೀದಿ ದಾಟಿ ಹೋಗಿ ಕರೆತರಬಹುದಿತ್ತು. ಟಿವಿಯಲ್ಲಿ ಮಗಳು ಹಾಕಿದ್ದ ಸಿನಿಮಾ ನೋಡುತ್ತ ಕೂತಿದ್ದೆ; ಏಳಲಿಲ್ಲ.